ಪೆಟ್ಟಿಗೆಯ ಮೇಲೆ ಬರೆಯದ ಬೆಲೆ

ಮನೆಗೆ ಸಿಸಿ ಕ್ಯಾಮೆರಾ ಹಾಕಿಸುವುದು ಈಗ ಸಿರಿವಂತರಿಗಷ್ಟೇ ಸೇರಿದ ಮಾತಾಗಿ ಉಳಿದಿಲ್ಲ. ಬೀದಿ ಕೊನೆಯ ದಿನಸಿ ಅಂಗಡಿಯವರು, ತೋಟದ ಮನೆಯಲ್ಲಿ ಮೋಟರು, ಕೇಬಲ್ಲುಗಳ ಚಿಂತೆ ಇರುವ ರೈತರು, ಮಕ್ಕಳನ್ನು ದೂರದ ಊರಿಗೆ ಕಳಿಸಿ ಇಬ್ಬರೇ ಉಳಿದ ವಯಸ್ಸಾದ ದಂಪತಿ, ಎಲ್ಲರೂ ಒಂದಲ್ಲ ಒಂದು ದಿನ ಇದರ ಬೆಲೆ ವಿಚಾರಿಸಿದವರೇ. ಬೆಲೆಯೂ ಕೈಗೆಟುಕುವಷ್ಟು ಇಳಿದಿದೆ. ಎರಡು ಸಾವಿರ ರೂಪಾಯಿಯೊಳಗೆ ವೈಫೈ ಕ್ಯಾಮೆರಾ ಸಿಗುತ್ತದೆ. ಬಾಗಿಲಿಗೆ ಯಾರು ಬಂದರೆಂದು ಮೊಬೈಲಿನಲ್ಲೇ ತೋರಿಸುವ ವಿಡಿಯೊ ಕಾಲಿಂಗ್ ಬೆಲ್ ಕೆಲವು ಸಾವಿರಕ್ಕೆ ಬರುತ್ತದೆ. ಇಷ್ಟು ಹಣ ಕೊಟ್ಟು, ಗೋಡೆಗೆ ಮೊಳೆ ಹೊಡೆಸಿ, ಆ್ಯಪ್ ಹಾಕಿಕೊಂಡು ನೆಮ್ಮದಿಯಾದ ಮೇಲೆ ಇನ್ನೊಂದು ಬೆಲೆ ಶುರುವಾಗುತ್ತದೆ. ತಿಂಗಳಿಗಿಷ್ಟು ಅಥವಾ ವರ್ಷಕ್ಕಿಷ್ಟು ಎಂದು ಕಟ್ಟುತ್ತ ಹೋಗಬೇಕಾದ ಚಂದಾ. ಇವತ್ತು ಆ ಎರಡನೆಯ ಬೆಲೆಯ ಲೆಕ್ಕವನ್ನು ನಿಮ್ಮೊಂದಿಗೆ ಕೂತು ಮಾಡಬೇಕೆಂದಿದ್ದೇನೆ.

ಮೊದಲು ಕ್ಯಾಮೆರಾ ಏನೇನು ಮಾಡುತ್ತದೆ ಎಂದು ಬಿಡಿಸಿ ನೋಡೋಣ. ಅದು ನೋಡುತ್ತದೆ. ಯಾರಾದರೂ ಓಡಾಡಿದರೆ ನಿಮ್ಮ ಫೋನಿಗೆ ಸುದ್ದಿ ಮುಟ್ಟಿಸುತ್ತದೆ. ನೋಡಿದ್ದನ್ನು ಎತ್ತಿಟ್ಟುಕೊಂಡು, ನೀವು ಕೇಳಿದಾಗ ತೋರಿಸುತ್ತದೆ. ಕಳ್ಳತನವೋ, ಬೀದಿಯಲ್ಲಿ ಗಾಡಿ ಗುದ್ದಿ ಓಡಿಹೋದ ಪ್ರಕರಣವೋ ನಡೆದಾಗ ನಮಗೆ ಬೇಕಾಗುವುದು ಈ ಮೂರನೆಯ ಕೆಲಸ. ಠಾಣೆಗೆ ಹೋದರೆ ಅಲ್ಲಿ ಕೇಳುವುದೂ ಅದನ್ನೇ: “ಫುಟೇಜ್ ಇದೆಯೇನ್ರಿ?” ಬಹಳಷ್ಟು ಕಂಪನಿಗಳು ಮೊದಲೆರಡು ಕೆಲಸಗಳನ್ನು ಪುಕ್ಕಟೆ ಬಿಟ್ಟು ಈ ಮೂರನೆಯದರ ಬಾಗಿಲಲ್ಲಿ ಹಣದ ಪೆಟ್ಟಿಗೆ ಇಟ್ಟುಕೊಂಡು ಕೂತಿವೆ.

ಅಮೆರಿಕದಲ್ಲಿ ಮನೆಮಾತಾಗಿರುವ ರಿಂಗ್ ಕಂಪನಿಯ ಬೆಲ್ಲನ್ನೇ ತೆಗೆದುಕೊಳ್ಳಿ. ಚಂದಾ ಕಟ್ಟದಿದ್ದರೂ ಬಾಗಿಲಲ್ಲಿರುವವರನ್ನು ಆ ಕ್ಷಣದಲ್ಲಿ ನೋಡಬಹುದು, ಮಾತಾಡಿಸಬಹುದು, ಯಾರೋ ಬಂದರು ಎಂಬ ಸೂಚನೆಯೂ ಬರುತ್ತದೆ. ಆದರೆ ಒಂದು ಚೂರು ವಿಡಿಯೊ ಕೂಡ ಉಳಿಯುವುದಿಲ್ಲ. ಬೆಲ್ ಆದಾಗ ನೀವು ಸ್ನಾನಕ್ಕೆ ಹೋಗಿದ್ದರೆ, ಬಸ್ಸಿನಲ್ಲಿ ಸಿಗ್ನಲ್ ಇಲ್ಲದಿದ್ದರೆ, ನಿದ್ದೆ ಬಂದಿದ್ದರೆ ಆಮೇಲೆ ನೋಡಲು ಏನೂ ಇಲ್ಲ. ಗೂಗಲ್ 2021ರಲ್ಲಿ ತಂದ ಬ್ಯಾಟರಿಯ ನೆಸ್ಟ್ ಡೋರ್‌ಬೆಲ್ ಇನ್ನೂ ಸ್ವಲ್ಪ ಉದಾರಿ. ಚಂದಾ ಇಲ್ಲದವರಿಗೂ ಮೂರು ಗಂಟೆಯ ಹಿಂದಿನ ಘಟನೆಗಳವರೆಗೆ ತೋರಿಸುತ್ತಿತ್ತು. ಬೆಳಗ್ಗೆ ಹತ್ತಕ್ಕೆ ಬಾಗಿಲ ಮುಂದಿದ್ದ ಪಾರ್ಸೆಲ್ ಕಾಣೆಯಾಗಿ, ನೀವು ಸಂಜೆ ಆರಕ್ಕೆ ಕೆಲಸದಿಂದ ಬಂದರೆ ಆ ಮೂರು ಗಂಟೆ ಯಾತಕ್ಕೆ ಬಂತು?

ಇದು ಕೊಳ್ಳುವಾಗ ಏಕೆ ಗೊತ್ತಾಗುವುದಿಲ್ಲ ಎಂದರೆ ಮೊದಲ ತಿಂಗಳು ಎಲ್ಲವೂ ಪುಕ್ಕಟೆ. ಪರೀಕ್ಷಾರ್ಥ ಅವಧಿ ಎನ್ನುತ್ತಾರೆ. ಹೊಸ ವಸ್ತುವನ್ನು ನಾವು ಒತ್ತಿ, ತಿರುಗಿಸಿ, ನೆಂಟರಿಗೆ ತೋರಿಸಿ ಪರೀಕ್ಷೆ ಮಾಡುವುದು ಆ ತಿಂಗಳಲ್ಲೇ. ಆಗ ನಿನ್ನೆಯದೂ ಕಾಣುತ್ತದೆ, ಮೊನ್ನೆಯದೂ ಕಾಣುತ್ತದೆ. ಅಂಗಡಿಗೆ ಹಿಂದಿರುಗಿಸುವ ಗಡುವು ಮುಗಿದ ಮೇಲೆ ಸದ್ದಿಲ್ಲದೆ ಅದು ನಿಂತುಹೋಗುತ್ತದೆ. ಕ್ಯಾಮೆರಾದ ದೀಪ ಮೊದಲಿನಂತೆಯೇ ಉರಿಯುತ್ತಿರುತ್ತದೆ. ಹೊರಗಿನಿಂದ ನೋಡಿದವರಿಗೆ ಯಾವ ವ್ಯತ್ಯಾಸವೂ ಇಲ್ಲ.

ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ಇದ್ದಾರೆ. ಒಬ್ಬರೇ ಇರುತ್ತಾರೆ. ಹೊರದೇಶದಲ್ಲಿರುವ ಮಗ ರಜೆಗೆ ಬಂದಾಗ ಬಾಗಿಲಿಗೆ ಅಂಥದೊಂದು ಬೆಲ್ ಹಾಕಿಸಿ, ತನ್ನ ಇಮೇಲಿನಲ್ಲೇ ಖಾತೆ ತೆರೆದು ಹೋದ. ಮುಂದೊಂದು ದಿನ ಹಿತ್ತಲ ಬಾಗಿಲ ಬಳಿ ಇದ್ದ ಗ್ಯಾಸ್ ಸಿಲಿಂಡರ್ ಹೋಯಿತು. ಕದ್ದವನು ಮುಂಬಾಗಿಲ ಮುಂದೆಯೇ ಹಾದು ಹೋಗಿರಬೇಕು, ಬೇರೆ ದಾರಿಯಿಲ್ಲ. ಟೀಚರಮ್ಮ ಧೈರ್ಯವಾಗಿದ್ದರು, “ಎಲ್ಲ ಇದರಲ್ಲಿ ಇರುತ್ತಪ್ಪ, ತೆಗೆದು ನೋಡು” ಎಂದು ಫೋನು ನನ್ನ ಕೈಗೆ ಕೊಟ್ಟರು. ತೆಗೆದು ನೋಡಿದರೆ ಪಟ್ಟಿ ಖಾಲಿ. ಉಚಿತ ಅವಧಿ ಮುಗಿದಿದೆ, ಹಳೆಯ ವಿಡಿಯೊ ಬೇಕಾದರೆ ಯೋಜನೆ ಆರಿಸಿ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು. ಅವಧಿ ಮುಗಿಯುತ್ತಿದೆ ಎಂಬ ಪತ್ರ ಮಗನ ಇಮೇಲಿಗೆ ಹೋಗಿತ್ತು. ನೂರಾರು ಜಾಹೀರಾತಿನ ಪತ್ರಗಳ ನಡುವೆ ಅವನಿಗೆ ಅದು ಕಂಡಿರಲಿಲ್ಲ. ಸಿಲಿಂಡರಿನ ನಷ್ಟ ಹೇಗೋ ತುಂಬೀತು. ಅಷ್ಟು ತಿಂಗಳು ಆಕೆ ಒಂದು ಖಾಲಿ ಕಾವಲನ್ನು ನಂಬಿ ರಾತ್ರಿ ಮಲಗಿದ್ದರಲ್ಲ, ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಬರೀ ದುಡ್ಡಿನ ವಿಷಯವಾಗಿದ್ದರೆ ನಾನು ಈ ಮಾತನ್ನು ಬಾನುಲಿಯವರೆಗೆ ತರುತ್ತಿರಲಿಲ್ಲ.

ಬಾಗಿಲಿಗೆ ಕ್ಯಾಮೆರಾ ಎಂಬ ಕಲ್ಪನೆ ಹುಟ್ಟಿದ್ದೂ ಒಬ್ಬ ಹೆಣ್ಣುಮಗಳ ಇಂಥದೇ ಆತಂಕದಿಂದ. ನ್ಯೂಯಾರ್ಕಿನ ಕ್ವೀನ್ಸ್ ಬಡಾವಣೆಯಲ್ಲಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ಆಫ್ರಿಕನ್ ಅಮೆರಿಕನ್ ನರ್ಸ್, ಗಂಡ ಆಲ್ಬರ್ಟ್ ಜೊತೆ ಸೇರಿ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1969ರ ಡಿಸೆಂಬರಿನಲ್ಲಿ ಅದು ಮಂಜೂರಾಯಿತು. ಕೆಲಸದ ವೇಳೆ ಹೊತ್ತುಗೊತ್ತಿಲ್ಲದ್ದು, ಮನೆಯಲ್ಲಿ ಆಗಾಗ ಒಬ್ಬರೇ, ಕರೆದರೆ ಪೊಲೀಸರು ಬೇಗ ಬರುವ ಪ್ರದೇಶವೂ ಅಲ್ಲ. ಬಾಗಿಲಿನಲ್ಲಿ ಬೇರೆಬೇರೆ ಎತ್ತರಕ್ಕೆ ನಾಲ್ಕು ಇಣುಕುಗಂಡಿಗಳು, ಅವುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ, ಒಳಕೋಣೆಯಲ್ಲಿ ಟಿವಿ ಪರದೆ, ಹೊರಗಿನವರೊಡನೆ ಮಾತಾಡಲು ಮೈಕು, ಅಲ್ಲಿಂದಲೇ ಬಾಗಿಲು ತೆರೆಯುವ ಗುಂಡಿ. ಕ್ಯಾಮೆರಾ ಕಂಡದ್ದು ಒಳಕೋಣೆಗೆ ಬರುತ್ತಿತ್ತು, ಅಲ್ಲಿಗೇ ಮುಗಿಯುತ್ತಿತ್ತು. ಇಂದಿನ ಪುಟ್ಟ ಕ್ಯಾಮೆರಾಗಳಲ್ಲಿ ಆ ದಾರಿ ಮನೆಯ ಗೋಡೆ ದಾಟಿ, ಇಂಟರ್‌ನೆಟ್ ಹಿಡಿದು, ಎಲ್ಲೋ ದೂರದಲ್ಲಿರುವ ಕಂಪನಿಯ ಕಂಪ್ಯೂಟರಿನವರೆಗೆ ಹೋಗಿದೆ. ನಿಮ್ಮ ಮನೆ ಮುಂದೆ ನಡೆದದ್ದರ ನೆನಪು ಅಲ್ಲಿ ಕೂತಿದೆ. ಕ್ಲೌಡ್ ಎಂದು ಕರೆಯುವುದು ಅದನ್ನೇ. ಬ್ಯಾಂಕಿನ ಲಾಕರಿನ ಹಾಗೆ. ಒಡವೆ ನಿಮ್ಮದು, ಪೆಟ್ಟಿಗೆ ಅವರದು, ವರ್ಷ ವರ್ಷ ಬಾಡಿಗೆ. ಬ್ಯಾಂಕಾದರೆ ಬಾಡಿಗೆ ನಿಂತಿತೆಂದು ಮರುದಿನವೇ ಒಡವೆ ಕರಗಿಸುವುದಿಲ್ಲ. ಇಲ್ಲಿ ಹಲವು ಸೇವೆಗಳಲ್ಲಿ ಚಂದಾ ನಿಂತರೆ ಹಳೆಯ ವಿಡಿಯೊಗಳೂ ಅಳಿಸಿಹೋಗುತ್ತವೆ.

ಈ ಬಾಡಿಗೆ ಎಷ್ಟು, ಅದು ಹೇಗೆ ಏರುತ್ತದೆ? ರಿಂಗ್ ಕಂಪನಿಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಜೇಮಿ ಸಿಮಿನಾಫ್ ಎಂಬಾತ ಡೋರ್‌ಬಾಟ್ ಎಂಬ ಹೆಸರಿನಲ್ಲಿ ಶುರುಮಾಡಿದ ಕಂಪನಿ ಅದು. 2013ರಲ್ಲಿ ಶಾರ್ಕ್ ಟ್ಯಾಂಕ್ ಎಂಬ ಟಿವಿ ಕಾರ್ಯಕ್ರಮದಲ್ಲಿ ಬಂಡವಾಳ ಕೇಳಿ ಬರಿಗೈಲಿ ಮರಳಿದಾತನ ಕಂಪನಿಯನ್ನು 2018ರಲ್ಲಿ ಅಮೆಜಾನ್ ಭಾರೀ ಮೊತ್ತಕ್ಕೆ ಕೊಂಡಿತು. ಅಮೆರಿಕದಲ್ಲಿ ಒಂದು ಬೆಲ್ಲಿನ ಮೂಲ ಚಂದಾ ತಿಂಗಳಿಗೆ 3 ಡಾಲರ್ ಇತ್ತು. 2022ರ ಜುಲೈನಲ್ಲಿ 3.99 ಆಯಿತು. 2024ರ ಮಾರ್ಚಿನಲ್ಲಿ 4.99. ಎರಡು ವರ್ಷ ತುಂಬುವುದರೊಳಗೆ ಮೂರು ಡಾಲರು ಐದಾಯಿತು. ಬ್ರಿಟನ್ನಿನಲ್ಲಿ ಅದೇ ಮಾರ್ಚಿನಲ್ಲಿ 3.49 ಪೌಂಡಿನಿಂದ 4.99 ಪೌಂಡಿಗೆ, ಅಂದರೆ ಒಂದೇ ಏಟಿಗೆ ನೂರಕ್ಕೆ 43ರಷ್ಟು ಏರಿತು. ಗೂಗಲ್‌ನದೂ ಅದೇ ದಾರಿ. ಅದರ ನೆಸ್ಟ್ ಚಂದಾ ತಿಂಗಳಿಗೆ 6 ಡಾಲರ್ ಇದ್ದದ್ದು 2023ರಲ್ಲಿ 8, 2025ರಲ್ಲಿ 10 ಆಯಿತು.

ಐದು ವರ್ಷದ ಲೆಕ್ಕ ಹಾಕಿ. ನೂರು ಡಾಲರಿನ ಬೆಲ್ಲಿಗೆ ತಿಂಗಳಿಗೆ 4.99ರಂತೆ ಅರವತ್ತು ತಿಂಗಳು ಕಟ್ಟಿದರೆ 299 ಡಾಲರ್ ದಾಟುತ್ತದೆ. ವಸ್ತುವಿನ ಮೂರರಷ್ಟು ಅದರ ಚಂದಾ. ಅದೂ ಒಂದೇ ಬೆಲ್ಲಿಗೆ, ಅದೂ ಐದು ವರ್ಷ ದರ ಏರದೆ ಇದ್ದರೆ. ಗೋಡೆಗೆ ಜಡಿದ ವಸ್ತುವನ್ನು ಚಂದಾ ಏರಿತೆಂದು ಯಾರೂ ಮಾರನೇ ದಿನ ಕಿತ್ತು ಬಿಸಾಡುವುದಿಲ್ಲ ಎಂಬುದು ಕಂಪನಿಗೆ ಚೆನ್ನಾಗಿ ಗೊತ್ತಿದೆ. ಒಂದು ಕಂಪನಿಯ ಕ್ಯಾಮೆರಾವನ್ನು ಇನ್ನೊಂದು ಕಂಪನಿಯ ಕ್ಲೌಡಿಗೆ ಜೋಡಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಹೀಗಾಗಿ ಅಗ್ಗದ ಅಂಗಡಿಗೆ ಹೋಗುವ ದಾರಿಯೂ ಮುಚ್ಚಿರುತ್ತದೆ.

ಕಂಪನಿಗೂ ಖರ್ಚಿದೆಯಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಅದೆಷ್ಟು ಎಂದು ಅಂದಾಜು ಮಾಡೋಣ. ಒಳ್ಳೆಯ ಸ್ಪಷ್ಟತೆಯ ಕ್ಯಾಮೆರಾ ಸೆಕೆಂಡಿಗೆ ಸುಮಾರು 2 ಮೆಗಾಬಿಟ್ ಕಳಿಸುತ್ತದೆ ಎಂದಿಟ್ಟುಕೊಳ್ಳಿ. ಅರ್ಧ ನಿಮಿಷದ ಒಂದು ತುಣುಕು ಏಳೂವರೆ ಎಂಬಿ. ದಿನಕ್ಕೆ ಇಪ್ಪತ್ತು ತುಣುಕಿನಂತೆ ತಿಂಗಳಿಗೆ ನಾಲ್ಕೂವರೆ ಜಿಬಿ. ಅಮೆಜಾನಿನದೇ ಕ್ಲೌಡ್ ಸಂಗ್ರಹದ ಪ್ರಕಟಿತ ದರ ಅಮೆರಿಕದಲ್ಲಿ ಒಂದು ಜಿಬಿಗೆ ತಿಂಗಳಿಗೆ ಸುಮಾರು 2.3 ಸೆಂಟ್. ನಾಲ್ಕೂವರೆ ಜಿಬಿಗೆ ಹತ್ತು ಸೆಂಟ್ ಚಿಲ್ಲರೆ. ನಿಮ್ಮ ಕೈಯಿಂದ ಹೋಗುವುದು 499 ಸೆಂಟ್. ಇಟ್ಟುಕೊಳ್ಳುವುದರ ಜೊತೆಗೆ ಲೈವ್ ವಿಡಿಯೊ ಸಾಗಿಸುವ ಸರ್ವರುಗಳಿವೆ, ಆ್ಯಪ್ ಬರೆಯುವವರಿದ್ದಾರೆ, ಬಂದದ್ದು ಮನುಷ್ಯನೋ ನಾಯಿಯೋ ಎಂದು ಗುರುತಿಸುವ ಗಣಿತವಿದೆ. ಅವಕ್ಕೆಲ್ಲ ಸಂಬಳ, ವಿದ್ಯುತ್ತು ಬೇಕು. ಅದನ್ನೆಲ್ಲ ಒಪ್ಪಿಕೊಂಡರೂ ಲಾಭ ಎಲ್ಲಿದೆ ಎಂಬುದು ಮರೆಯಾಗುವುದಿಲ್ಲ. ಆರ್ಲೊ ಎಂಬ ಕ್ಯಾಮೆರಾ ಕಂಪನಿಯ 2024ರ ಆದಾಯದಲ್ಲಿ ಹತ್ತಿರ ಅರ್ಧದಷ್ಟು ಬಂದದ್ದು ಚಂದಾ ಮತ್ತು ಸೇವೆಗಳಿಂದ. ಕ್ಯಾಮೆರಾವನ್ನು ಅಗ್ಗಕ್ಕೆ ಮಾರುವುದು ನಮ್ಮ ಮೇಲಿನ ಕರುಣೆಯಿಂದೇನೂ ಅಲ್ಲ. ಅದು ಮನೆಯೊಳಗೆ ಬರಲು ಅವರು ತಾವೇ ಹೊರುವ ಖರ್ಚು.

ದರ ಏರುವುದನ್ನಾದರೂ ಸಹಿಸಬಹುದು. ಕೊಟ್ಟ ಮಾತು ಬದಲಾಗುವುದನ್ನು ಸಹಿಸುವುದು ಕಷ್ಟ. ಅಮೆರಿಕದ ವೈಜ್ ಕಂಪನಿ 20 ಡಾಲರಿನ ಕ್ಯಾಮೆರಾದಿಂದ ಹೆಸರಾಯಿತು. 2019ರಲ್ಲಿ ಅದು ಮನುಷ್ಯರನ್ನು ಗುರುತಿಸುವ ಸೌಲಭ್ಯವನ್ನು ಪುಕ್ಕಟೆ ಕೊಟ್ಟಿತು. ಆ ಜಾಣತನ ವೈಜ್‌ನದ್ದಾಗಿರಲಿಲ್ಲ, ಎಕ್ಸ್‌ನಾರ್ ಎಂಬ ಚಿಕ್ಕ ಕಂಪನಿಯಿಂದ ಪಡೆದದ್ದು. ಎಕ್ಸ್‌ನಾರ್ ಒಪ್ಪಂದ ಮುರಿದುಕೊಂಡಿತು. 2020ರ ಜನವರಿಯಲ್ಲಿ ಅದನ್ನು ಆ್ಯಪಲ್ ಕೊಂಡ ಸುದ್ದಿ ಬಂತು. ಸಾವಿರಾರು ಮನೆಗಳ ಗೋಡೆಯ ಮೇಲಿದ್ದ ಕ್ಯಾಮೆರಾಗಳು ಒಂದು ಸಾಫ್ಟ್‌ವೇರ್ ಬದಲಾವಣೆಯಿಂದ ಮನುಷ್ಯರನ್ನು ಗುರುತಿಸುವುದನ್ನೇ ಮರೆತವು. ಮುಂದೆ ಅದೇ ಸೌಲಭ್ಯ ಮರಳಿ ಬಂದಾಗ, ನಿಮಗೆ ತೋಚಿದಷ್ಟು ಕೊಡಿ ಎಂಬ ಕೋರಿಕೆಯೂ ಮಾಸಿಕ ಯೋಜನೆಯೂ ಅದರ ಬೆನ್ನಿಗಿದ್ದವು. ಕ್ಯಾಮೆರಾ ಕೊಂಡವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಇಬ್ಬರ ನಡುವಿನ ಒಪ್ಪಂದ ಮುರಿದುಬಿತ್ತು, ಅಷ್ಟೆ.

ಆರ್ಲೊ ತನ್ನ ಹಳೆಯ ಕ್ಯಾಮೆರಾಗಳಿಗೆ ಏಳು ದಿನದ ಸಂಗ್ರಹ ಉಚಿತ ಎಂದು ಹೇಳಿ ಮಾರಿತ್ತು. ಅನೇಕರು ಬೇರೆ ಕಂಪನಿ ಬಿಟ್ಟು ಅದನ್ನು ಆರಿಸಿದ್ದೇ ಆ ಒಂದು ಸಾಲು ನೋಡಿ. 2023ರ ಆರಂಭದಲ್ಲಿ ಆ ಸೌಲಭ್ಯವನ್ನು ಹಂತಹಂತವಾಗಿ ನಿಲ್ಲಿಸುವ ನೀತಿ ಹೊರಬಿತ್ತು. ಗ್ರಾಹಕರು ತಿರುಗಿಬಿದ್ದ ಮೇಲೆ ಕಂಪನಿ ಹಿಂದೆ ಸರಿದು, ಹಳಬರಿಗೆ ಅದನ್ನು ಮುಂದುವರಿಸುವುದಾಗಿ ಹೇಳಿತು. ಗದ್ದಲ ಮಾಡಿದ್ದರಿಂದ ಉಳಿಯಿತು. ಗೂಗಲ್ ತಾನು ಮಾರಿದ್ದ ನೆಸ್ಟ್ ಸೆಕ್ಯೂರ್ ಎಂಬ ಮನೆ ಎಚ್ಚರಿಕೆ ಗಂಟೆಯನ್ನೂ ಹಳೆಯ ಡ್ರಾಪ್‌ಕ್ಯಾಮ್ ಕ್ಯಾಮೆರಾಗಳನ್ನೂ 2024ರ ಏಪ್ರಿಲ್ 8ರಂದು ನಿಲ್ಲಿಸಿತು. ಗಟ್ಟಿಮುಟ್ಟಾಗಿದ್ದ ಕ್ಯಾಮೆರಾಗಳು ಸರ್ವರ್ ಬಾಗಿಲು ಮುಚ್ಚಿದ ಕಾರಣಕ್ಕೆ ಆ ದಿನ ಬರೀ ಪ್ಲಾಸ್ಟಿಕ್ಕಾದವು. ಕೆಲವರಿಗೆ ಬದಲಿ ಉಪಕರಣ, ಕೆಲವರಿಗೆ ರಿಯಾಯಿತಿ ಸಿಕ್ಕಿತು ನಿಜ. ಆದರೆ ನಮ್ಮ ಗೋಡೆಯ ಮೇಲಿನ ವಸ್ತುವಿನ ಆಯುಷ್ಯವನ್ನು ತೀರ್ಮಾನಿಸಿದವರು ಬೇರೆ ಯಾರೋ.

ಇನ್ನು ನಮ್ಮ ನೆಲಕ್ಕೆ ಬರೋಣ. ಇಲ್ಲಿ ಪರಿಸ್ಥಿತಿ ಒಂದು ರೀತಿಯಲ್ಲಿ ವಾಸಿ. ನಮ್ಮ ಮಾರುಕಟ್ಟೆಯ ಹೆಚ್ಚಿನ ವೈಫೈ ಕ್ಯಾಮೆರಾಗಳಿಗೆ ಮೆಮೊರಿ ಕಾರ್ಡಿನ ಕಿಂಡಿ ಇರುತ್ತದೆ. ಕಾರ್ಡು ಹಾಕಿದರೆ ವಿಡಿಯೊ ಅದರಲ್ಲೇ ಉಳಿಯುತ್ತದೆ, ಚಂದಾ ಬೇಕಿಲ್ಲ. ಆದರೆ ಕಾರ್ಡು ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಇರುವುದಿಲ್ಲ, ಬೇರೆ ಕೊಳ್ಳಬೇಕು. ಹಗಲಿರುಳು ರೆಕಾರ್ಡ್ ಮಾಡಿದರೆ ನಾನು ಆಗ ಹೇಳಿದ ವೇಗದಲ್ಲಿ ದಿನಕ್ಕೆ ಸುಮಾರು 22 ಜಿಬಿ ಬೇಕು. 128 ಜಿಬಿಯ ಕಾರ್ಡಿನಲ್ಲಿ ಐದಾರು ದಿನ ಹಿಡಿಯುತ್ತದೆ, ಆಮೇಲೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡು ಎಂದರೆ ವಾರಗಟ್ಟಲೆ ಬರುತ್ತದೆ. ಸದಾ ಬರೆಯುತ್ತಲೇ ಇರುವ ಕೆಲಸಕ್ಕೆ ಮೊಬೈಲಿನ ಮಾಮೂಲಿ ಕಾರ್ಡು ಬೇಗ ಸವೆಯುತ್ತದೆ, ಕ್ಯಾಮೆರಾಗೆಂದೇ ಮಾಡಿದ ಹೈ ಎಂಡ್ಯುರೆನ್ಸ್ ಕಾರ್ಡು ಕೇಳಿ ತನ್ನಿ. ತಿಂಗಳಿಗೊಮ್ಮೆ ನಿನ್ನೆಯ ವಿಡಿಯೊ ತೆರೆದು ನೋಡಿ. ಕಾರ್ಡು ಕೆಟ್ಟದ್ದು ಕಳ್ಳತನವಾದ ದಿನವೇ ಗೊತ್ತಾಗುವಂತೆ ಆಗಬಾರದು.

ಅಂಗಡಿ, ದೊಡ್ಡ ಮನೆಗಳಿಗೆ ನಮ್ಮೂರಿನ ಸಿಸಿ ಕ್ಯಾಮೆರಾ ಹುಡುಗರು ಹಾಕಿಕೊಡುವ ಡಿವಿಆರ್ ಎಂಬ ರೆಕಾರ್ಡಿಂಗ್ ಪೆಟ್ಟಿಗೆಯ ಪದ್ಧತಿ ಈಗಲೂ ಒಳ್ಳೆಯದು. ನಾಲ್ಕು ಕ್ಯಾಮೆರಾ, ಒಂದು ಟಿಬಿ ಹಾರ್ಡ್ ಡಿಸ್ಕ್. ಬಿಡುವಿಲ್ಲದೆ ಓಡಿದರೂ ಹತ್ತು ದಿನದಷ್ಟು ಹಿಡಿಯುತ್ತದೆ. ಇಂಟರ್‌ನೆಟ್ ಹೋದರೂ ರೆಕಾರ್ಡಿಂಗ್ ನಿಲ್ಲುವುದಿಲ್ಲ. ಫೋನಿನಲ್ಲಿ ನೋಡಲು ಮಾತ್ರ ಕಂಪನಿಯ ಆ್ಯಪ್ ಬೇಕು. ಕ್ಲೌಡಿನವರು ಹೇಳುವ ಒಂದು ಮಾತು ಇಲ್ಲಿ ನ್ಯಾಯವಾದದ್ದು: ಕಳ್ಳ ಡಿವಿಆರನ್ನೇ ಎತ್ತಿಕೊಂಡು ಹೋದರೆ ಸಾಕ್ಷಿಯೂ ಅವನ ಜೊತೆಗೇ ಹೋಯಿತು. ಕ್ಯಾಮೆರಾ ಕಿತ್ತರೆ ಅದರೊಳಗಿನ ಕಾರ್ಡೂ ಹೋಯಿತು. ಡಿವಿಆರನ್ನು ಟಿವಿಯ ಪಕ್ಕ ಶೋಕೇಸಿನಲ್ಲಿಡದೆ ಅಟ್ಟದ ಮೇಲೋ ಬೀಗವಿರುವ ಬೀರುವಿನಲ್ಲೋ ಗಾಳಿಯಾಡುವಂತೆ ಇಡಿ, ಬಂದಾಗ ಇದ್ದ ಪಾಸ್‌ವರ್ಡ್ ಮೊದಲ ದಿನವೇ ಬದಲಾಯಿಸಿ. ಚಿನ್ನದಂಗಡಿಯಂಥ ಕಡೆ ಕ್ಲೌಡ್ ಪ್ರತಿಯೂ ಇರಲಿ. ಅಲ್ಲಿ ಚಂದಾ ಕೊಟ್ಟದ್ದು ಸಾರ್ಥಕ. ನನ್ನ ತಕರಾರು ಚಂದಾ ಇರುವುದರ ಬಗ್ಗೆ ಅಲ್ಲವೇ ಅಲ್ಲ, ಅದನ್ನು ಮುಚ್ಚಿಟ್ಟು ಮಾರುವುದರ ಬಗ್ಗೆ.

ತೋಟದ ಮನೆಯವರು ಇನ್ನೊಂದು ಲೆಕ್ಕ ಕೇಳಬೇಕು. ಅಡಕೆ, ಮೆಣಸು, ಮೋಟರಿನ ಕಾವಲಿಗೆ ಸಿಮ್ ಹಾಕುವ, ಬಿಸಿಲಿನಿಂದ ನಡೆಯುವ 4ಜಿ ಕ್ಯಾಮೆರಾಗಳು ಬಂದಿವೆ. ವೈರು ಎಳೆಯದೆ ಮರಕ್ಕೇ ಕಟ್ಟಬಹುದು. ಅದರ ಚಂದಾ ಬೇರೆ ವೇಷದಲ್ಲಿ ಬರುತ್ತದೆ, ಅದು ಸಿಮ್ಮಿನ ರೀಚಾರ್ಜು. ಒಂದು ಗಂಟೆ ಲೈವ್ ನೋಡಿದರೆ ಸುಮಾರು 900 ಎಂಬಿ ಖರ್ಚು. ದಿನಕ್ಕೆ 2 ಜಿಬಿಯ ಪ್ಯಾಕು ಎರಡು ಗಂಟೆ ನೋಡುವುದರಲ್ಲಿ ಮುಗಿಯುತ್ತದೆ. ರಾತ್ರಿ ನಿಜವಾಗಿ ಬೇಕಾದಾಗ ಚಿತ್ರ ತಡವರಿಸುತ್ತದೆ. ಆ್ಯಪಿನಲ್ಲಿ ಸ್ಪಷ್ಟತೆ ಇಳಿಸಿಕೊಂಡು, ರೆಕಾರ್ಡಿಂಗನ್ನು ಕಾರ್ಡಿಗೆ ಬಿಟ್ಟು, ಸೂಚನೆ ಬಂದಾಗ ಮಾತ್ರ ತೆರೆದು ನೋಡಿದರೆ ಪ್ಯಾಕು ತಾಳುತ್ತದೆ. ವರ್ಷಕ್ಕೆ ಈ ರೀಚಾರ್ಜು ಎಷ್ಟಾಗುತ್ತದೆ ಎಂದು ಕ್ಯಾಮೆರಾದ ಬೆಲೆಯ ಪಕ್ಕದಲ್ಲೇ ಬರೆದುಕೊಂಡು ಆಮೇಲೆ ನಿರ್ಧಾರ ಮಾಡಿ. ವೈಫೈ ಇರುವ ಮನೆಗಳಿಗೆ ಇನ್ನೂ ಎರಡು ಖರ್ಚು. ಕರೆಂಟು ಹೋದರೆ ಕ್ಯಾಮೆರಾಗೂ ರೂಟರಿಗೂ ಪುಟ್ಟ ಯುಪಿಎಸ್ ಬೇಕು. ಅಮೆರಿಕದವರ ಬೆಲ್ಲುಗಳು ಅಲ್ಲಿನ ಮನೆಗಳ 16ರಿಂದ 24 ವೋಲ್ಟಿನ ಗಂಟೆಯ ತಂತಿಗೆ ಹೊಂದಿಕೊಂಡವು. ನಮ್ಮ ಕಾಲಿಂಗ್ ಬೆಲ್ಲಿನ ತಂತಿಯಲ್ಲಿ ಹರಿಯುವುದು 230 ವೋಲ್ಟ್. ಅಲ್ಲಿಂದ ತಂದದ್ದನ್ನು ನೇರ ಜೋಡಿಸಿದರೆ ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರ್, ಎಲೆಕ್ಟ್ರಿಷಿಯನ್ ಕೂಲಿ ಸೇರಿಸಿಕೊಳ್ಳಿ, ಇಲ್ಲವೇ ಬ್ಯಾಟರಿಯದನ್ನೇ ಆರಿಸಿ.

ಮಕ್ಕಳು ಹೊರದೇಶದಿಂದ ಹಾಕಿಸಿಕೊಟ್ಟ ಕ್ಯಾಮೆರಾಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ಖಾತೆ ಯಾರ ಹೆಸರಿನಲ್ಲಿದೆ, ಹಣ ಯಾವ ಕಾರ್ಡಿನಿಂದ ಹೋಗುತ್ತಿದೆ, ಎಂದು ಮುಗಿಯುತ್ತದೆ ಎಂಬುದನ್ನು ಅಪ್ಪ ಅಮ್ಮನ ಡೈರಿಯಲ್ಲಿ ಕನ್ನಡದಲ್ಲಿ ಬರೆದಿಟ್ಟು ಹೋಗಿ. ಆ್ಯಪಿನಲ್ಲಿ ಅವರನ್ನೂ ಸೇರಿಸಿ. ನಮ್ಮ ದೇಶದ ಕಾರ್ಡಿನಿಂದ ತಾನಾಗಿಯೇ ಹಣ ಕಡಿತವಾಗುವ ವ್ಯವಸ್ಥೆಗೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್ 1ರಿಂದ ಕಟ್ಟುನಿಟ್ಟಿನ ನಿಯಮ ತಂದಿದೆ. ಮೊದಲ ಒಪ್ಪಿಗೆಗೆ ಓಟಿಪಿಯಂಥ ಖಾತ್ರಿ ಬೇಕು, ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು, ಬೇಡವೆನಿಸಿದರೆ ಒಪ್ಪಿಗೆ ಹಿಂತೆಗೆದುಕೊಳ್ಳಲು ಆಗಬೇಕು. ಆ ಸಂದೇಶ ಬಂದಾಗ ಓದದೆ ಅಳಿಸಬೇಡಿ. ಯುಪಿಐನಲ್ಲಿ ಕೊಟ್ಟಿದ್ದರೆ ಆಟೋಪೇ ಎಂಬ ಕಡೆ ಹೋಗಿ ನೋಡಿದರೆ ಯಾರ್ಯಾರಿಗೆ ಒಪ್ಪಿಗೆ ಕೊಟ್ಟಿದ್ದೀರಿ ಎಂಬ ಪಟ್ಟಿಯೇ ಸಿಗುತ್ತದೆ. ಅಮೆರಿಕದ ಬ್ಯಾಂಕಿನ ಕಾರ್ಡಿಗೆ ನಮ್ಮ ರಿಸರ್ವ್ ಬ್ಯಾಂಕಿನ ಈ ರಕ್ಷಣೆ ಇಲ್ಲ. ಮತ್ತೆ, ಫೋನಿನಿಂದ ಆ್ಯಪ್ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರಿನ ಮೂಲಕ ಕಟ್ಟಿದ್ದರೆ ಅಲ್ಲಿಗೇ ಹೋಗಿ ರದ್ದು ಮಾಡಬೇಕು. ಬಹಳ ಜನ ಎಡವುವುದು ಇಲ್ಲಿ.

ಚಂದಾ ಕಟ್ಟಿದ ಮಾತ್ರಕ್ಕೆ ವಿಡಿಯೊ ಭದ್ರ ಎಂದೂ ಅಲ್ಲ. ರಿಂಗ್ ಕಂಪನಿಯ ನೌಕರರಿಗೂ ಗುತ್ತಿಗೆಯವರಿಗೂ ಗ್ರಾಹಕರ ಖಾಸಗಿ ವಿಡಿಯೊಗಳು ಕೈಗೆ ಸಿಗುವಂತಿದ್ದವು, ಒಬ್ಬ ನೌಕರ ಮಹಿಳೆಯರ ಮನೆಯ ಸಾವಿರಾರು ವಿಡಿಯೊ ನೋಡಿದ್ದ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದೂರು ಹೂಡಿತು. 2023ರಲ್ಲಿ 58 ಲಕ್ಷ ಡಾಲರ್ ಕೊಡಲು ಒಪ್ಪಿ ಕಂಪನಿ ಆ ಪ್ರಕರಣ ಮುಗಿಸಿಕೊಂಡಿತು. ಎಲ್ಲವೂ ಮನೆಯೊಳಗೇ ಉಳಿಯುತ್ತದೆ ಎಂದು ಜಾಹೀರಾತು ಮಾಡಿದ್ದ ಯೂಫಿ ಕ್ಯಾಮೆರಾಗಳು ಕೆಲವು ಚಿತ್ರಗಳನ್ನು ಕ್ಲೌಡಿಗೆ ಕಳಿಸುತ್ತಿದ್ದುದು 2022ರಲ್ಲಿ ಬಯಲಾಯಿತು. ಹಾಗಾಗಿ ಬಾಗಿಲು, ಗೇಟು, ಅಂಗಳಕ್ಕೆ ಕ್ಯಾಮೆರಾ ಸಾಕು. ಮಲಗುವ ಕೋಣೆಗೆ ಬೇಡವೇ ಬೇಡ.

ಕಾನೂನಿನಲ್ಲಿ ದಾರಿಗಳಿಲ್ಲದೆ ಇಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಡಾರ್ಕ್ ಪ್ಯಾಟರ್ನ್ ಎಂಬ ಮೋಸದ ವಿನ್ಯಾಸಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿ, ಹದಿಮೂರು ಬಗೆಗಳನ್ನು ಹೆಸರಿಸಿತು. ರದ್ದು ಮಾಡುವ ಗುಂಡಿಯನ್ನು ಅಡಗಿಸಿಡುವುದು, ಉಚಿತ ಎಂದು ಹೇಳಿ ಮೊದಲೇ ಕಾರ್ಡಿನ ವಿವರ ಕೇಳುವುದು ಚಂದಾ ಬಲೆಯೆಂದೇ ಅದರಲ್ಲಿ ಸೇರಿದೆ. ಬೆಲೆಯನ್ನು ಒಮ್ಮೆಗೇ ಹೇಳದೆ ಹನಿಹನಿಯಾಗಿ ಹೊರಗೆಡಹುವುದೂ ಸೇರಿದೆ. 2025ರ ಏಪ್ರಿಲ್ 9ರಿಂದ ನಮ್ಮಲ್ಲಿ ಮಾರಾಟಕ್ಕೆ ಬರುವ ಸಿಸಿ ಕ್ಯಾಮೆರಾಗಳು ಸರ್ಕಾರ ನಿಗದಿ ಮಾಡಿದ ಸೈಬರ್ ಭದ್ರತೆಯ ಪರೀಕ್ಷೆ ಪಾಸಾಗಬೇಕು. ಬ್ರಿಟನ್ 2024ರ ಏಪ್ರಿಲ್ 29ರಿಂದ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿದೆ; ಇಂಟರ್‌ನೆಟ್ಟಿಗೆ ಸೇರುವ ಗೃಹಬಳಕೆಯ ವಸ್ತುವಿಗೆ ಕನಿಷ್ಠ ಎಲ್ಲಿಯವರೆಗೆ ಭದ್ರತಾ ಅಪ್‌ಡೇಟ್ ಕೊಡುತ್ತೇವೆ ಎಂದು ತಯಾರಕರು ಬಹಿರಂಗವಾಗಿ ಹೇಳಬೇಕು.

ಆದರೆ ಚಂದಾದ ಮಾತನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿ ಎಂದು ಈ ಯಾವುದೂ ಹೇಳುವುದಿಲ್ಲ. ಒಂದು ಬಿಸ್ಕತ್ತಿನ ಪೊಟ್ಟಣಕ್ಕೂ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಮುದ್ರಿಸಬೇಕೆಂದು ನಮ್ಮ ಅಳತೆ-ತೂಕದ ನಿಯಮ ಕಡ್ಡಾಯ ಮಾಡಿದೆ. ಮನೆ ಕಾಯುವ ಯಂತ್ರಕ್ಕೆ ಅಷ್ಟಾದರೂ ಬೇಡವೇ? ಚಂದಾ ಇಲ್ಲದೆ ಏನೇನು ನಡೆಯುತ್ತದೆ, ಏನು ನಿಲ್ಲುತ್ತದೆ; ಈಗಿನ ಚಂದಾ ವರ್ಷಕ್ಕೆಷ್ಟು; ಎಷ್ಟು ವರ್ಷ ಆ ಸರ್ವರ್ ನಡೆಸುತ್ತೇವೆ; ವಿಡಿಯೊವನ್ನು ನಮ್ಮದೇ ಕಾರ್ಡಿನಲ್ಲಿ ಇಟ್ಟುಕೊಳ್ಳಬಹುದೇ. ನಾಲ್ಕು ಸಾಲು, ಕನ್ನಡದಲ್ಲೂ. ಸರ್ಕಾರ ಇದನ್ನು ಕಡ್ಡಾಯ ಮಾಡಬೇಕೆಂದು ನಾನು ಈ ಬಾನುಲಿಯ ಮೂಲಕ ಒತ್ತಾಯಿಸುತ್ತೇನೆ. ಅದು ಬರುವವರೆಗೆ ಈ ನಾಲ್ಕನ್ನೂ ಅಂಗಡಿಯವರನ್ನು ಬಾಯಿಬಿಟ್ಟು ಕೇಳಿ, ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಜಾಹೀರಾತಿನ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ, ಉಚಿತ ಅವಧಿ ಮುಗಿದ ಮರುದಿನ ನಿನ್ನೆಯ ವಿಡಿಯೊ ಸಿಗುತ್ತದೆಯೇ ಎಂದು ನೀವೇ ತೆರೆದು ನೋಡಿ. ಹೇಳಿದ್ದಕ್ಕೂ ಕೊಟ್ಟದ್ದಕ್ಕೂ ತಾಳೆಯಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡುವಾಗ ಬಿಲ್ಲು, ಆ ಚಿತ್ರ, ಹಣ ಕಡಿತವಾದ ಸಂದೇಶ ಮೂರೂ ಕೈಯಲ್ಲಿರಲಿ.